ಪದ ಪರಿಚಯ: ಪಾರ್ಫಿರಿನ್, ಬೆಳಕು ಬಿದ್ದರೆ ಕೆಲಸಕ್ಕಿಳಿಯುವ ಉಂಗುರ

ನಾಲ್ಕು ಪೈರೋಲ್ ಉಂಗುರಗಳು (ನಾಲ್ಕು ಇಂಗಾಲ, ಒಂದು ಸಾರಜನಕ ಸೇರಿದ ಪುಟ್ಟ ಉಂಗುರಗಳು) ಇಂಗಾಲದ ಕೊಂಡಿ ಹಾಕಿಕೊಂಡು ಒಂದು ದೊಡ್ಡ ಉಂಗುರವಾದರೆ ಅದೇ ಪಾರ್ಫಿರಿನ್. ನಡುವೆ ಕಬ್ಬಿಣ ಕೂತರೆ ರಕ್ತದ ಹೀಮ್. ಬಾಗಲಕೋಟೆಯ ನಮ್ಮ ಬಿ.ಎಸ್ಸಿ. ಹುಡುಗರು ಇಷ್ಟನ್ನು ಪರೀಕ್ಷೆಯಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಇದೇ ಉಂಗುರ ಫೋಟೊಸೆನ್ಸಿಟೈಸರ್, ಅಂದರೆ ಬೆಳಕಿನ ಶಕ್ತಿಯನ್ನು ಹೀರಿ ಪಕ್ಕದವರಿಗೆ ದಾಟಿಸುವ ವಸ್ತು, ಕೂಡ ಹೌದು. ಬೆಳಕು ಹೀರಿ, ಟ್ರಿಪ್ಲೆಟ್ ಎಂಬ, ಶಕ್ತಿಯನ್ನು ತುಸು ಹೊತ್ತು ಹಿಡಿದಿಡುವ ಸ್ಥಿತಿಗೆ ಇಳಿದು, ಪಕ್ಕದ ಆಕ್ಸಿಜನ್‌ಗೆ ಆ ಶಕ್ತಿ ದಾಟಿಸುತ್ತದೆ. ಆಗ ಹುಟ್ಟುವ ಸಿಂಗ್ಲೆಟ್ ಆಕ್ಸಿಜನ್, ಅಂದರೆ ಶಕ್ತಿ ತುಂಬಿದ ಚುರುಕು ಆಕ್ಸಿಜನ್, ಹತ್ತಿರದ ಜೀವಕೋಶವನ್ನು ಕೊಲ್ಲುತ್ತದೆ. ಇಂಥ ಔಷಧ ಕೊಟ್ಟು, ಗೆಡ್ಡೆಯ ಮೇಲೆ ಬೆಳಕು ಬಿಟ್ಟು ಕ್ಯಾನ್ಸರ್‌ಗೆ ಮಾಡುವ ಫೋಟೊಡೈನಮಿಕ್ ಚಿಕಿತ್ಸೆ ನಿಂತಿರುವುದು ಇದರ ಮೇಲೆ.

ಹಾಗಾದರೆ ಬಿಸಿಲಿಗೆ ಹೋದಾಗ ನಮ್ಮ ರಕ್ತವೇ ನಮ್ಮನ್ನು ಸುಡಬೇಕಿತ್ತಲ್ಲ? ಸುಡದಿರುವುದಕ್ಕೆ ಕಬ್ಬಿಣವೇ ಕಾರಣ. ಬಂದ ಶಕ್ತಿಯನ್ನು ಅದು ಕ್ಷಣಾರ್ಧದಲ್ಲಿ ಶಾಖವಾಗಿ ಕಳೆದುಬಿಡುತ್ತದೆ. ಕಬ್ಬಿಣ ತೆಗೆದರೆ ಅಥವಾ ಆ ಜಾಗದಲ್ಲಿ ಸತು ಕೂರಿಸಿದರೆ ಉಂಗುರ ಚುರುಕಾಗುತ್ತದೆ. 1912ರಲ್ಲಿ ಜರ್ಮನಿಯ ವೈದ್ಯ ಫ್ರೀಡ್ರಿಕ್ ಮೇಯರ್-ಬೆಟ್ಜ್ ಕಬ್ಬಿಣವಿಲ್ಲದ ಹೆಮಟೊಪಾರ್ಫಿರಿನ್ 200 ಮಿಲಿಗ್ರಾಂ ತಾನೇ ಚುಚ್ಚಿಕೊಂಡ. ಬಿಸಿಲು ಬಿದ್ದ ಮುಖ, ಕೈ ಊದಿಕೊಂಡವು. ಈ ಕಾಟ ತಿಂಗಳುಗಟ್ಟಲೆ ಬಿಡಲಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಾಗಿದ್ದರೆ ಅವನ ಗತಿ ಏನಾಗುತ್ತಿತ್ತೋ!

ಚಿಕಿತ್ಸೆಗೆ ಇನ್ನೊಂದು ತೊಡಕು ಬೆಳಕಿನ ಬಣ್ಣದ್ದು. ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ, ಮಾಂಸ ದಾಟಿ ಬರುವುದು ಕೆಂಪು ಬೆಳಕು ಮಾತ್ರ. ಪಾರ್ಫಿರಿನ್ ಬಹಳ ಹೀರುವುದೋ 400 ನ್ಯಾನೊಮೀಟರ್ ಆಸುಪಾಸಿನ ನೇರಳೆಯನ್ನು. ಕೆಂಪಿನಲ್ಲಿ, 630ರ ಹತ್ತಿರ, ಅದರ ಹಸಿವು ತೀರಾ ಕಡಿಮೆ. ಉಂಗುರದ ಒಂದು ಜೋಡಿಬಂಧಕ್ಕೆ ಹೈಡ್ರೋಜನ್ ಸೇರಿಸಿದರೆ ಅದು ಕ್ಲೋರಿನ್ ಆಗುತ್ತದೆ (ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಅನಿಲವಲ್ಲ). ಕೆಂಪು ಬೆಳಕನ್ನು ಇದು ಗಟ್ಟಿಯಾಗಿ ಹೀರುತ್ತದೆ. ಇದೇ ಬಗೆಯ ಟೆಮೊಪಾರ್ಫಿನ್ ಔಷಧಕ್ಕೆ 652, ಕಣ್ಣಿನ ಅಕ್ಷಿಪಟಲದ ಕಾಯಿಲೆಗೆ ಬಳಸುವ ವರ್ಟೆಪಾರ್ಫಿನ್‌ಗೆ 689 ನ್ಯಾನೊಮೀಟರ್ ಬೆಳಕು ಸಾಕು. ಇಷ್ಟು ಸಣ್ಣ ತಿದ್ದುಪಡಿಗೆ ಇಷ್ಟು ಫಲ ಸಿಗುವುದು ರಸಾಯನಶಾಸ್ತ್ರದಲ್ಲೂ ಅಪರೂಪವೇ.

ಅಂಚಿಗೆ ಏನು ಕಟ್ಟುತ್ತೇವೆ ಎಂಬುದೂ ಮುಖ್ಯ. ಚಪ್ಪಟೆ ಉಂಗುರಗಳು ನೀರಿನಲ್ಲಿ ಒಂದರ ಮೇಲೊಂದು ಒಟ್ಟಿಕೊಂಡು ಸಿಂಗ್ಲೆಟ್ ಆಕ್ಸಿಜನ್ ಹುಟ್ಟಿಸುವುದನ್ನೇ ಕಡಿಮೆ ಮಾಡುತ್ತವೆ. ನೀರಿಗೆ ಒಗ್ಗುವ ಸಲ್ಫೊನೇಟ್ ಗುಂಪು ಸೇರಿಸಿದರೆ ಕರಗುತ್ತವೆ. ಧನ ಆವೇಶದ ಗುಂಪು ಸೇರಿಸಿದರೆ ಇ. ಕೋಲಿಯಂಥ ಬ್ಯಾಕ್ಟೀರಿಯಾದ ಹೊರಗೋಡೆಗೆ ಅಂಟಿಕೊಳ್ಳುತ್ತವೆ.

ಔಷಧ ದೇಹದಿಂದ ಎಷ್ಟು ಬೇಗ ಹೊರಹೋಗುತ್ತದೆ ಎಂಬುದನ್ನೂ ರಚನೆಯೇ ನಿರ್ಧರಿಸುತ್ತದೆ. ಹಳೆಯ ಪಾರ್ಫಿರಿನ್ ಔಷಧ ಫೋಟೊಫ್ರಿನ್ ಪಡೆದವರು ಕನಿಷ್ಠ 30 ದಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ವರ್ಟೆಪಾರ್ಫಿನ್‌ಗೆ 5 ದಿನ ಸಾಕು. ಹೊಲಕ್ಕೆ ಹೋಗಲೇಬೇಕಾದ ನಮ್ಮ ಕಡೆಯ ಮಂದಿಗೆ ಮೊದಲನೆಯ ಪಥ್ಯ ನಡೆಯುವುದು ಕಷ್ಟ.