ವಿಶಿಷ್ಟ ಇಂಧನ ಬಳಕೆ: ಭಾಗಿಸಬೇಕಾದದ್ದು ಯಾವ ಶಕ್ತಿಯಿಂದ?

ಹಳೆಯ ವಿಮಾನಗಳ ಕುರಿತ ಬರಹಗಳಲ್ಲಿ ‘ಈ ಎಂಜಿನ್ನಿನ ವಿಶಿಷ್ಟ ಇಂಧನ ಬಳಕೆ ಗಂಟೆಗೆ ಇಷ್ಟು ಲೀಟರ್’ ಎಂಬ ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಗಂಟೆಗೆ ಇಷ್ಟು ಲೀಟರ್ ಎನ್ನುವುದು ಬರೀ ಇಂಧನ ಬಳಕೆ. ಒಂದು ಅಶ್ವಶಕ್ತಿಗೆ ಒಂದು ಗಂಟೆಯಲ್ಲಿ ಎಷ್ಟು ತೂಕದ ಇಂಧನ ಖರ್ಚಾಯಿತು ಎಂದು ಹೇಳಿದಾಗ ಮಾತ್ರ ಅದು ‘ವಿಶಿಷ್ಟ’ವಾಗುತ್ತದೆ, ಭೌತಶಾಸ್ತ್ರದ ವಿಶಿಷ್ಟೋಷ್ಣದಲ್ಲಿರುವ, ‘ಒಂದು ಘಟಕಕ್ಕೆ ಇಷ್ಟು’ ಎಂಬರ್ಥದ ವಿಶಿಷ್ಟವೇ ಇದು, ಹೊಗಳಿಕೆಯಲ್ಲ.

ಟ್ಯಾಂಕಿನಿಂದ ಇಳಿದ ಪೆಟ್ರೋಲನ್ನು ತೂಗುವುದು ಸುಲಭ. ವಾದ ಹುಟ್ಟುವುದು ಭಾಗಿಸುವ ಅಂಕಿಯಲ್ಲಿ. ಫ್ರಾನ್ಸಿನ ಸೆಗ್ಯಾಂ ಸಹೋದರರ ನೋಮ್ ಎಂಜಿನ್ನನ್ನೇ ನೋಡಿ. ಏಳು ಸಿಲಿಂಡರುಗಳ, ‘50 ಅಶ್ವಶಕ್ತಿ’ಯ ಹಣೆಪಟ್ಟಿಯ ಈ ಯಂತ್ರದಲ್ಲಿ ಪಿಸ್ಟನ್ನುಗಳು ಜೋಡಣೆಗೊಂಡ ನಡುವಿನ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್, ವಿಮಾನದ ಚೌಕಟ್ಟಿಗೆ ಬಿಗಿದಿರುತ್ತದೆ, ಸಿಲಿಂಡರುಗಳೇ ಪ್ರೊಪೆಲ್ಲರಿನ ಜೊತೆಗೆ ಗಿರಗಿರನೆ ಸುತ್ತುತ್ತವೆ. ಸುತ್ತುವ ಸಿಲಿಂಡರುಗಳು ಗಾಳಿಯನ್ನು ಸೀಳುವುದಕ್ಕೂ ಶಕ್ತಿ ಬೇಕು, ಆ ಶಕ್ತಿಗೂ ಪೆಟ್ರೋಲ್ ಸುಡಬೇಕು. ಎಂಜಿನ್ನನ್ನು ತೂಗಾಡುವ ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಕೂರಿಸಿ, ಅದು ಚೌಕಟ್ಟನ್ನು ಎಷ್ಟು ಬಲದಿಂದ ತಿರುಚುತ್ತದೆ ಎಂದು ಅಳೆದರೆ, ಪ್ರೊಪೆಲ್ಲರಿಗೆ ಸಂದ ಶಕ್ತಿಯ ಜೊತೆಗೆ ಗಾಳಿ ಸೀಳಲು ಪೋಲಾದ ಶಕ್ತಿಯೂ ಆ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಪೋಲಾದದ್ದನ್ನು ಕಳೆಯದೆ ಭಾಗಿಸಿದವರಿಗೆ ಎಂಜಿನ್ ಮಿತವ್ಯಯಿಯಾಗಿ ಕಾಣುತ್ತದೆ, ಕಳೆದು ಭಾಗಿಸಿದವರಿಗೆ ದುಂದುಗಾರನಾಗಿ. ಈ ನಷ್ಟ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ನಿಮಿಷಕ್ಕೆ 1200 ಸುತ್ತು 1300 ಆದರೂ ಅದು ಕಾಲು ಭಾಗಕ್ಕಿಂತ ಹೆಚ್ಚಾಗುತ್ತದೆ. ಯಾವ ವೇಗದಲ್ಲಿ ಪರೀಕ್ಷಿಸಿದರೆಂದು ಹೇಳದ ವರದಿಯನ್ನು ಬದಿಗಿಡುವುದೇ ಲೇಸು.

ಇದಕ್ಕಿಂತ ಕೆಟ್ಟದ್ದು ಹಣೆಪಟ್ಟಿಯ ಅಂಕಿಯಿಂದಲೇ ಭಾಗಿಸುವ ಚಾಳಿ. ಲೆಕ್ಕದ ಸಲುವಾಗಿ ಗಂಟೆಗೆ 16 ಕಿಲೋ ಪೆಟ್ರೋಲ್ ಎಂದಿಟ್ಟುಕೊಳ್ಳಿ: 50ರಿಂದ ಭಾಗಿಸಿದರೆ 320 ಗ್ರಾಂ, ಪ್ರೊಪೆಲ್ಲರಿಗೆ ನಿಜವಾಗಿ ದಕ್ಕಿದ್ದು 40 ಆಗಿದ್ದರೆ 400 ಗ್ರಾಂ. ಎಂಜಿನ್ ಒಂದೇ, ಟ್ಯಾಂಕೂ ಒಂದೇ.

ಎಂಜಿನ್ನಿನ ಭಾಗಗಳು ಸವೆಯದಂತೆ ಜಾರಿಸಲು ಹಾಕುವ ಹರಳೆಣ್ಣೆಯ ತಕರಾರು ಬೇರೆಯದೇ. ನೋಮ್‌ನಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್ ಕೇಸಿನ, ಅಂದರೆ ಕ್ರ್ಯಾಂಕ್ ಶಾಫ್ಟನ್ನು ಸುತ್ತುವರಿದ ಪೆಟ್ಟಿಗೆಯ, ಮೂಲಕವೇ ಸಿಲಿಂಡರಿಗೆ ಹೋಗುತ್ತದೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಹರಳೆಣ್ಣೆಯನ್ನು ಆರಿಸಿಕೊಂಡದ್ದು ಅದಕ್ಕೇ. ಒಮ್ಮೆ ಒಳಹೋದ ಎಣ್ಣೆ ಮರಳಿ ಬರುವುದಿಲ್ಲ, ಹೊಗೆಯೊಡನೆ ಹೊರಗೆ ಸಿಡಿದು ಚಾಲಕನ ಮುಖಕ್ಕೂ ರೆಕ್ಕೆಗೂ ಬಳಿಯುತ್ತದೆ. ಅದು ಇಂಧನವಲ್ಲವಾದ್ದರಿಂದ ವಿಶಿಷ್ಟ ಇಂಧನ ಬಳಕೆಯಲ್ಲಿ ಸೇರಿಸುವುದು ತಪ್ಪು. ಆದರೆ ವಿಮಾನ ಹೊರಬೇಕಾದ ಭಾರದ ಲೆಕ್ಕದಲ್ಲಿ ಅದನ್ನು ಬಿಡುವುದೂ ಅಷ್ಟೇ ತಪ್ಪು, ಮತ್ತು ಈ ಎರಡು ಲೆಕ್ಕಗಳನ್ನು ಬೆರೆಸುವವರೇ ಹೆಚ್ಚು.

1909ರ ಆಗಸ್ಟಿನಲ್ಲಿ ಫ್ರಾನ್ಸಿನ ರೀಮ್ಸ್‌ನ ವಿಮಾನ ಸ್ಪರ್ಧೆಯಲ್ಲಿ ವೈಮಾನಿಕ ಆನ್ರಿ ಫಾರ್ಮಾನ್ ಇದೇ ಎಂಜಿನ್ನಿನಿಂದ 180 ಕಿಲೋಮೀಟರ್ ಹಾರಿ ದೂರದ ಬಹುಮಾನ ಗೆದ್ದದ್ದು ನಿಜ. ಆ ಗೆಲುವನ್ನು ಕಡಿಮೆ ಬಳಕೆಗೆ ಪುರಾವೆಯೆಂದು ಒಡ್ಡಲಾಗದು. ನೋಮ್ ಹಗುರವಾಗಿತ್ತು, ಎಡೆಬಿಡದೆ ಓಡಿತು, ಮೂರು ಗಂಟೆಯ ಹಾರಾಟಕ್ಕೆ ಅಷ್ಟು ಸಾಕಾಗಿತ್ತು. ಹಾರಾಟದ ಗಂಟೆಗಳು ಹೆಚ್ಚಿದಂತೆ ಹೊರಬೇಕಾದ ಪೆಟ್ರೋಲ್ ಮತ್ತು ಎಣ್ಣೆಯ ತೂಕವು ಎಂಜಿನ್ನಿನಲ್ಲಿ ಉಳಿಸಿದ ತೂಕವನ್ನು ನುಂಗುತ್ತ ಹೋಗುತ್ತಿತ್ತು.