ದಿನಾ ನೀರು ಹಾಕಿದರೂ ಟೊಮೆಟೊ ಎಲೆ ಜೋತುಬೀಳುವುದೇಕೆ?

ಪ್ರಶ್ನೆ: ತಾರಸಿಯ ಮೇಲೆ ಕುಂಡಗಳಲ್ಲಿ ಟೊಮೆಟೊ ಹಾಕಿದ್ದೇವೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನೀರು ಕೊಡುತ್ತೇವೆ. ಆದರೂ ಎಲೆಗಳು ಜೋತುಬಿದ್ದಿವೆ. ಇನ್ನೂ ಜಾಸ್ತಿ ನೀರು ಬೇಕೇ, ಇಲ್ಲ ಏನಾದರೂ ರೋಗವೇ?

ಉತ್ತರ: ಮೊದಲು ನೀರಿನ ಮಗ್ಗು ಕೆಳಗಿಡಿ. ಎಲೆ ಬಾಡಿದ್ದು ಕಂಡ ಕೂಡಲೇ ನೀರು ಸುರಿಯಬೇಕು ಅನ್ನಿಸುವುದು ಸಹಜ. ಆದರೆ ಎರಡು ಹೊತ್ತೂ ನೀರು ಕಾಣುತ್ತಿರುವ ಗಿಡ ಬಾಡಿದರೆ, ಇನ್ನಷ್ಟು ಸುರಿದು ಅದನ್ನು ಸಾಯಿಸುವ ಸಾಧ್ಯತೆಯೇ ಹೆಚ್ಚು.

ಎಲೆ ನೆಟ್ಟಗೆ ನಿಲ್ಲುವುದು ಅದರ ಜೀವಕೋಶಗಳಲ್ಲಿ ತುಂಬಿಕೊಂಡ ನೀರಿನ ಒತ್ತಡದಿಂದ. ಮಣ್ಣಿನಲ್ಲಿ ನೀರಿಲ್ಲದಿದ್ದರೆ ಆ ಒತ್ತಡ ಇಳಿಯುತ್ತದೆ. ನೀರಿದ್ದೂ ಬೇರಿಗೆ ಹೀರಲು ಆಗದಿದ್ದರೆ ಇಳಿಯುತ್ತದೆ. ಬೇರು ಹೀರಿದ ನೀರು ಕಾಂಡದೊಳಗೆ ಅಡ್ಡಿಯಾಗಿ ಮೇಲೇರದಿದ್ದರೂ ಇಳಿಯುತ್ತದೆ. ದೂರದಿಂದ ನೋಡಿದರೆ ಮೂರೂ ಒಂದೇ ಥರ, ಮಾಡಬೇಕಾದದ್ದು ಮಾತ್ರ ಬೇರೆ ಬೇರೆ.

ಯಾವ ಹೊತ್ತಿನಲ್ಲಿ ಬಾಡುತ್ತದೆ ಎಂದು ಗಮನಿಸಿ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನದಲ್ಲಿ ಎಲೆಯಿಂದ ಆವಿಯಾಗುವಷ್ಟು ನೀರನ್ನು ಬೇರು ಅದೇ ವೇಗದಲ್ಲಿ ಒದಗಿಸಲಾರದು. ಒಂದು ಗಂಟೆಗೆ ಸೋತು ನಿಂತ ಗಿಡ ಹೊತ್ತು ಇಳಿದ ಮೇಲೆ ತಾನಾಗಿಯೇ ಚೇತರಿಸಿಕೊಂಡರೆ ಹೆದರಬೇಡಿ. ಕಾಂಕ್ರೀಟಿನ ಮೇಲೆ ಇಟ್ಟ ಕಪ್ಪು ಬ್ಯಾಗಿನಲ್ಲಿ ಬೇರೂ ಬೇಯುತ್ತದೆ. ಅಡಿಗೆ ಎರಡು ಇಟ್ಟಿಗೆ ಕೊಟ್ಟು, ಮಣ್ಣಿನ ಮೇಲೆ ತರಗೆಲೆ ಹೊದಿಸಿ, ಮಧ್ಯಾಹ್ನದ ಬಿಸಿಲಿಗೆ ನೆರಳು ಪರದೆ ಕಟ್ಟಿದರೆ ಸಾಕು. ಬೆಳಗಿನ ಜಾವದಲ್ಲೂ ಎಲೆ ಜೋತುಬಿದ್ದೇ ಇದ್ದರೆ ಮಾತ್ರ ಮುಂದೆ ಹುಡುಕಬೇಕು.

ಆಗ ಬೆರಳೇ ಸಾಧನ. ಎರಡು ಇಂಚು ಆಳಕ್ಕೆ ಚುಚ್ಚಿ ನೋಡಿ. ಮೇಲ್ಮೈ ನೋಡಿ ನಿರ್ಧರಿಸಬೇಡಿ, ಅದರಲ್ಲೂ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಕುಂಡದಲ್ಲಂತೂ ಬೇಡವೇ ಬೇಡ. ಅದು ಮೇಲೆ ಒಣಗಿ ಬಣ್ಣ ತಿಳಿಯಾಗಿದ್ದರೂ ಒಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತದೆ. ಬರೀ ಕೆಮ್ಮಣ್ಣು ತುಂಬಿದ್ದರೆ ಇದರ ತಿರುವುಮುರುವು: ಒಮ್ಮೆ ಚೆನ್ನಾಗಿ ಒಣಗಿದ ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ನೀವು ಹಾಕಿದ ನೀರು ಆ ಸಂದಿನಲ್ಲಿ ಇಳಿದು ತಳದ ತೂತಿನಿಂದ ಹೊರಟುಹೋಗುತ್ತದೆ. ಕೆಳಗೆ ನೀರು ಹರಿದದ್ದು ಕಂಡು ಸಾಕಾಯಿತು ಅಂದುಕೊಳ್ಳುತ್ತೇವೆ, ಬೇರಿನ ಸುತ್ತ ಮಾತ್ರ ಪುಡಿ ಮಣ್ಣು. ಅಂಥ ಕುಂಡವನ್ನು ಅರ್ಧ ಗಂಟೆ ನೀರಿನ ಟಬ್ಬಿನಲ್ಲಿ ಕೂರಿಸಿ, ಆಮೇಲೆ ಸಂದಿಗೆ ಮಣ್ಣು ಒತ್ತಿ.

ನೀವು ಬರೆದಿರುವುದನ್ನು ನೋಡಿದರೆ ನನಗೆ ಹೆಚ್ಚು ಅನುಮಾನ ಅತಿ ನೀರಿನ ಮೇಲೆ. ಬೇರಿಗೂ ಉಸಿರಾಟ ಇದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರಿಗೆ ಆಮ್ಲಜನಕ ಸಿಗದೆ ಹೀರುವ ಕೆಲಸ ನಿಧಾನವಾಗುತ್ತದೆ, ಕೊನೆಗೆ ಬೇರು ಕೊಳೆಯುತ್ತದೆ. ಟೊಮೆಟೊದಲ್ಲಿ ಇದನ್ನು ಕೈಯಿಂದ ಮುಟ್ಟಿ ಪತ್ತೆಹಚ್ಚಬಹುದು. ನೀರಿಲ್ಲದ ಗಿಡದ ಎಲೆ ಬಟ್ಟೆಯ ಹಾಗೆ ಮೆತ್ತಗಿರುತ್ತದೆ. ನೀರು ನಿಂತ ಗಿಡದಲ್ಲಿ ಮೊದಮೊದಲು ಎಲೆ ಗಟ್ಟಿಯಾಗಿಯೇ ಇದ್ದು, ಅದರ ತೊಟ್ಟು ಮಾತ್ರ ಕಾಂಡದಿಂದ ಕೆಳಮುಖವಾಗಿ ಬಾಗಿರುತ್ತದೆ. ಉಸಿರುಕಟ್ಟಿದ ಬೇರಿನಿಂದ ಮೇಲೆ ಹೋದ ವಸ್ತುವೊಂದು ಎಲೆಗಳಲ್ಲಿ ಎಥಿಲೀನ್ ಎಂಬ ಅನಿಲವಾಗಿ, ತೊಟ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಬೇಗ ಬೆಳೆದು ಹೀಗೆ ಬಾಗುತ್ತದೆ. ದಿನ ಕಳೆದಂತೆ ಬುಡದ ಎಲೆಗಳು ಹಳದಿಯಾಗುತ್ತವೆ, ಮಣ್ಣು ಹುಳಿ ವಾಸನೆ ಹೊಡೆಯುತ್ತದೆ. ಕುಂಡದಡಿಯ ತಟ್ಟೆ ತೆಗೆಯಿರಿ, ತೂತು ಬೇರಿನಿಂದ ಮುಚ್ಚಿಹೋಗಿದ್ದರೆ ಕಡ್ಡಿ ಹಾಕಿ ಬಿಡಿಸಿ, ಬೆರಳಿಗೆ ಮಣ್ಣು ಒಣಗಿದೆ ಅನ್ನಿಸುವ ತನಕ ನೀರು ಬೇಡ. ಗೊಬ್ಬರವೂ ಬೇಡ. ಸೊರಗಿದ ಗಿಡಕ್ಕೆ ಶಕ್ತಿ ಬರಲಿ ಎಂದು ಯೂರಿಯಾನೋ ಹಸಿ ಸಗಣಿಯೋ ಹಾಕಿದರೆ ಲವಣ ಹೆಚ್ಚಿ ಬೇರಿನಿಂದಲೇ ನೀರು ಎಳೆದುಕೊಳ್ಳುತ್ತದೆ, ಎಲೆಯ ಅಂಚು ಸುಡುತ್ತದೆ.

ಇವೆಲ್ಲ ಸರಿಯಿದ್ದೂ ಗಿಡ ಬಾಡುತ್ತಿದ್ದರೆ, ಅದರಲ್ಲೂ ಎಲೆಯ ಹಸಿರು ಮಾಸದೆ ತುದಿಯ ಎಳೆ ಎಲೆಗಳಿಂದ ಶುರುವಾಗಿ, ರಾತ್ರಿ ಸ್ವಲ್ಪ ಚೇತರಿಸಿಕೊಂಡಂತೆ ಕಂಡು, ಕೆಲವೇ ದಿನಗಳಲ್ಲಿ ಇಡೀ ಗಿಡ ಹಸಿರಾಗಿಯೇ ಕುಸಿದರೆ, ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆಯುವವರಿಗೆಲ್ಲ ಇದು ದೊಡ್ಡ ಪಿಡುಗು. ಖಚಿತ ಮಾಡಿಕೊಳ್ಳಲು ಗಾಜಿನ ಲೋಟ ಸಾಕು. ಬುಡದ ಹತ್ತಿರದ ಕಾಂಡವನ್ನು ಹರಿತವಾದ ಚಾಕುವಿನಿಂದ ಎರಡು ಮೂರು ಇಂಚು ಕತ್ತರಿಸಿಕೊಳ್ಳಿ. ತಿಳಿನೀರಿನ ಲೋಟದಲ್ಲಿ ಕತ್ತರಿಸಿದ ತುದಿ ಮಾತ್ರ ಮುಳುಗುವ ಹಾಗೆ ಹಿಡಿದು, ಅಲುಗಾಡಿಸದೆ ಕೆಲವು ನಿಮಿಷ ಕಾಯಿರಿ. ಕಾಂಡದಿಂದ ಹಾಲಿನಂಥ ಬಿಳಿ ಎಳೆಗಳು ಕೆಳಗಿಳಿದು ಬಂದರೆ ಅವೇ ದುಂಡಾಣುಗಳು, ನೀರೇರುವ ನಾಳಗಳನ್ನು ಕಟ್ಟಿಹಾಕಿದ್ದವು. ಬಿಳಿ ಎಳೆ ಬಾರದೆ, ಕಾಂಡದೊಳಗೆ ಕಂದು ಗೆರೆಗಳಿದ್ದು, ಹಳದಿ ಬಣ್ಣ ಬುಡದ ಎಲೆಗಳಿಂದ, ಕೆಲವೊಮ್ಮೆ ಗಿಡದ ಒಂದೇ ಬದಿಯಲ್ಲಿ ಶುರುವಾಗಿದ್ದರೆ ಫ್ಯುಸೇರಿಯಂ ಶಿಲೀಂಧ್ರದ ಸೊರಗು ಇರಬಹುದು. ಬೇರು ಕಿತ್ತಾಗ ಅಲ್ಲಲ್ಲಿ ಗಂಟುಗಳು ಕಂಡರೆ ಅದು ಬೇರಿಗೆ ಗಂಟು ಕಟ್ಟಿಸುವ ಜಂತುಹುಳು (ನೆಮಟೋಡ್). ಮುಂದಿನ ಸಲ ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ.

ದುಂಡಾಣು ಸೊರಗಿಗೆ ಔಷಧಿ ಇಲ್ಲ. ಅಂಗಡಿಯಲ್ಲಿ ಏನೇ ಕೊಟ್ಟರೂ ದುಡ್ಡು ದಂಡ. ಬೇಸರವಾದರೂ ಗಿಡವನ್ನು ಬೇರುಸಮೇತ ಕಿತ್ತು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಖಂಡಿತ ಬೇಡ. ಆ ಕುಂಡದಿಂದ ಸೋರಿದ ನೀರು ಪಕ್ಕದ ಕುಂಡಕ್ಕೆ ಹೋಗದಂತೆ ನೋಡಿಕೊಳ್ಳಿ, ಚಾಕು, ಕುರ್ಪಿ ಸೋಪಿನಲ್ಲಿ ತೊಳೆದಿಡಿ. ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಅದಕ್ಕೇ ಅದೇ ಮಣ್ಣಿನಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ನೆಡಬೇಡಿ. ಈರುಳ್ಳಿ, ಮೆಕ್ಕೆಜೋಳ ಹಾಕಿ.

ಹೊಸ ಮಣ್ಣಿನಲ್ಲಿ ಮತ್ತೆ ಟೊಮೆಟೊ ಬೆಳೆಯುವಾಗ ತಳಿ ನೋಡಿ ಬೀಜ ತನ್ನಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್ ಎಂಬ ಟೊಮೆಟೊ ಹೈಬ್ರಿಡ್‌ಗಳಿಗೆ ದುಂಡಾಣು ಸೊರಗಿನ ಜೊತೆಗೆ ಎಲೆ ಮುದುರು ನಂಜು, ಎಲೆ ಅಂಗಮಾರಿಗೂ ತಡೆಯುವ ಶಕ್ತಿ ಇದೆ. ಬದನೆಯಲ್ಲಾದರೆ ಅದೇ ಸಂಸ್ಥೆಯ ಅರ್ಕಾ ಆನಂದ್ ಸೊರಗು ರೋಗ ತಡೆಯುತ್ತದೆ. ಬದನೆ ಬೆಳೆಯುವವರಿಗೆ ಇನ್ನೊಂದು ಮಾತು: ಗಿಡವೆಲ್ಲ ಚೆನ್ನಾಗಿದ್ದು ಒಂದೆರಡು ಕುಡಿ ಮಾತ್ರ ಜೋತುಬಿದ್ದರೆ ಅದು ಬೇರಿನ ತೊಂದರೆಯಲ್ಲ, ಕುಡಿ ಕೊರೆಯುವ ಹುಳು. ಜೋತುಬಿದ್ದ ಜಾಗದಿಂದ ಸ್ವಲ್ಪ ಕೆಳಗೆ ಚಿವುಟಿ, ಸೀಳಿ ನೋಡಿದರೆ ಒಳಗೆ ಗುಲಾಬಿ ಬಣ್ಣದ ಸಣ್ಣ ಹುಳು ಸಿಗುತ್ತದೆ. ಅದು ಕಾಯಿಗೆ ದಾಟುವ ಮೊದಲೇ ಅಂಥ ಕುಡಿಗಳನ್ನೆಲ್ಲ ತೆಗೆದು ನಾಶಮಾಡಿ.