ಸಿಸೇರಿಯನ್ ಆದ ಬಾಣಂತಿ ಎದ್ದು ಓಡಾಡಬಹುದಾ?

ಪ್ರಶ್ನೆ: ಮಗಳಿಗೆ ಸಿಸೇರಿಯನ್ ಆಗಿ ನಾಲ್ಕು ದಿನ. ಎದ್ದು ನಡೆಯಿರಿ, ಇಲ್ಲದಿದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ ಅಂತ ಆಸ್ಪತ್ರೆಯಲ್ಲಿ ಹೆದರಿಸುತ್ತಿದ್ದಾರೆ. ಹೊಲಿಗೆ ಬಿಚ್ಚಿಕೊಳ್ಳಲ್ವಾ?

ಬಿಚ್ಚಿಕೊಳ್ಳಲ್ಲ. ಹೆದರಿಸುತ್ತಿಲ್ಲ, ನಿಜವನ್ನೇ ಹೇಳುತ್ತಿದ್ದಾರೆ. ಉತ್ತರ ಇಷ್ಟೇ. ಆದರೆ ಇಷ್ಟೇ ಹೇಳಿದರೆ ಯಾರೂ ನಂಬಲ್ಲ ಅನ್ನೋದು ನನಗೆ ಗೊತ್ತು. ಹೆರಿಗೆಯಾದವರನ್ನು ಮಂಚದಿಂದ ಎಬ್ಬಿಸಿ ನಾಲ್ಕು ಹೆಜ್ಜೆ ಹಾಕಿಸೋದೇ ನನ್ನ ಕೆಲಸ, ಮತ್ತು ಪಕ್ಕದಲ್ಲಿ ಕೂತ ಅಜ್ಜಿಯಂದಿರು ನನ್ನನ್ನು ನೋಡೋ ನೋಟವನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ.

ಮೊದಲು ಹೊಲಿಗೆ ವಿಷಯ. ಒಳಗೆ ಪದರ ಪದರವಾಗಿ ಹೊಲಿದಿರುತ್ತಾರೆ, ಮೆಲ್ಲಗೆ ನಡೆದರೆ ಬಿಚ್ಚೋ ಹೊಲಿಗೆ ಅಲ್ಲ ಅದು. ಏಳುವಾಗ ಪಕ್ಕಕ್ಕೆ ಹೊರಳಿ ಕೈಯೂರಿ ಏಳಲಿ, ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲಿ. ನೋವು ಇರುತ್ತೆ. ಅದಕ್ಕೆ ಮಾತ್ರೆ ಇದೆ.

ಇನ್ನು ಆ ಹೆಪ್ಪು. ಹಾಲಿಗೆ ಹೆಪ್ಪು ಹಾಕಿ ಅಲ್ಲಾಡಿಸದೆ ಮೂಲೆಯಲ್ಲಿ ಇಡುತ್ತೀರಲ್ವಾ? ಹೆಚ್ಚುಕಮ್ಮಿ ಹಾಗೇ. ಬಸುರಿಯ ರಕ್ತ ಬೇಗ ಹೆಪ್ಪುಗಟ್ಟೋ ಹಾಗೆ ತಾನಾಗೇ ಬದಲಾಗಿರುತ್ತೆ, ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಬಾರದಲ್ಲ, ಅದಕ್ಕೆ. ಹೆರಿಗೆಯಾದ ಮೇಲೂ ಈ ಅಪಾಯ ಸುಮಾರು 6 ವಾರ ಜೋರಾಗೇ ಇರುತ್ತೆ, ಸಿಸೇರಿಯನ್ ಆದವರಿಗೆ ಇನ್ನೂ ಜಾಸ್ತಿ. ಕಾಲಿನ ರಕ್ತವನ್ನು ಮೇಲಕ್ಕೆ ದಬ್ಬೋದು ಮೀನಖಂಡದ ಸ್ನಾಯು, ಆದರೆ ನಡೆದಾಗ, ಪಾದ ಆಡಿಸಿದಾಗ ಮಾತ್ರ. ಮಲಗೇ ಇದ್ದರೆ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ನಿಧಾನವಾಗುತ್ತೆ. ಅಲ್ಲಿ ಕಟ್ಟಿದ ಗಡ್ಡೆಯ ಚೂರು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಈಗ ಬರುತ್ತೆ ನೋಡಿ ಆ ಮಾತು: “ನಮ್ಮ ಕಾಲದಲ್ಲಿ ನಲವತ್ತು ದಿನ ನೆಲಕ್ಕೆ ಕಾಲಿಡಲಿಲ್ಲ, ನಮಗೇನಾಯ್ತು?” ಏನೂ ಆಗದೆ ಉಳಿದವರು ತಾನೇ ಈ ಮಾತು ಹೇಳೋಕೆ ಇರೋದು! ಆಗಲೂ ಬಾಣಂತಿಯರು ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಹೋಗುತ್ತಿದ್ದರು, ಅದಕ್ಕೆ ಸನ್ನಿ, ಗಾಳಿ, ದೃಷ್ಟಿ ಅಂತ ಬೇರೆ ಬೇರೆ ಹೆಸರು ಇಡುತ್ತಿದ್ದರು. ನಮ್ಮವರನ್ನೇ ಯಾಕೆ ಅನ್ನಬೇಕು, ಯುರೋಪಿನಲ್ಲೂ ಹೆರಿಗೆಯಾದವರನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. ಒಂದು ಕಾಲು ಬೆಳ್ಳಗೆ ಊದಿಕೊಂಡರೆ ಎದೆಹಾಲು ಕಾಲಿಗೆ ಇಳಿದಿದೆ ಅಂತ ವೈದ್ಯರೇ ನಂಬಿ ‘ಮಿಲ್ಕ್ ಲೆಗ್’ ಅಂತ ಹೆಸರಿಟ್ಟಿದ್ದರು. ಅದು ಹಾಲಲ್ಲ, ಹೆಪ್ಪು. ಕಾಲಿನ ಹೆಪ್ಪೇ ಶ್ವಾಸಕೋಶಕ್ಕೆ ಹೋಗೋದು ಅನ್ನೋದನ್ನು ತೋರಿಸಿಕೊಟ್ಟಿದ್ದು 19ನೇ ಶತಮಾನದಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ.

ಬಾಣಂತನ ಬೇಡ ಅಂತ ನಾನು ಹೇಳುತ್ತಿಲ್ಲ. ನೀರು ಸೇದಬೇಡ, ರುಬ್ಬಬೇಡ, ಬಟ್ಟೆ ಒಗೆಯಬೇಡ ಅನ್ನೋದು ಬಂಗಾರದಂಥ ಮಾತು. ಕೆಲಸದಿಂದ ಬಿಡುಗಡೆ ಕೊಡಿ, ಮಂಚಕ್ಕೆ ಕಟ್ಟಿಹಾಕಬೇಡಿ. ಗಂಟೆಗೊಮ್ಮೆ ಎದ್ದು ಮನೆಯೊಳಗೇ ಎರಡು ಸುತ್ತು ಹಾಕಲಿ, ಮಲಗಿದ್ದಾಗ ಪಾದ ಮೇಲೆ ಕೆಳಗೆ ಆಡಿಸಲಿ. ಮತ್ತೆ ಆ ನೀರಿನ ರೇಷನ್! ಹೊಟ್ಟೆ ಬರುತ್ತೆ ಅಂತ ಹಾಲೂಡಿಸೋ ಹುಡುಗಿಗೆ ಲೋಟ ಅಳೆದು ನೀರು ಕೊಡೋದನ್ನು ದಯವಿಟ್ಟು ಬಿಡಿ. ನೀರು ಕಮ್ಮಿಯಾದರೆ ರಕ್ತ ಇನ್ನೂ ಗಟ್ಟಿಯಾಗುತ್ತೆ. ಮೊದಲೊಮ್ಮೆ ಹೆಪ್ಪುಗಟ್ಟಿದವರಿಗೆ, ತೂಕ ತುಂಬಾ ಜಾಸ್ತಿ ಇರೋರಿಗೆ ಡಾಕ್ಟರು ರಕ್ತ ಹೆಪ್ಪುಗಟ್ಟದಂತೆ ತಡೆಯೋ ಹೆಪಾರಿನ್ ಇಂಜೆಕ್ಷನ್ ಬರೆದಿರಬಹುದು, ಮಧ್ಯದಲ್ಲಿ ನಿಲ್ಲಿಸಬೇಡಿ.

ಹೆರಿಗೆಯಾದ ಮೊದಲ ದಿನಗಳಲ್ಲಿ ಎರಡೂ ಪಾದ ಸ್ವಲ್ಪ ಊದೋದು ಸಾಮಾನ್ಯ. ಆದರೆ ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ (ಎಡಗಾಲಲ್ಲೇ ಜಾಸ್ತಿ ಕಾಣೋದು) ಎಣ್ಣೆ ಹಚ್ಚಿ ನೀವಲೇಬೇಡಿ, ಗಡ್ಡೆ ಕಿತ್ತುಕೊಳ್ಳಬಹುದು. ಅವತ್ತೇ ಡಾಕ್ಟರ ಹತ್ತಿರ ಹೋಗಿ, ರಕ್ತನಾಳದಲ್ಲಿ ರಕ್ತ ಹರಿಯೋದನ್ನು ತೋರಿಸೋ ಡಾಪ್ಲರ್ ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತೆ. ಇದ್ದಕ್ಕಿದ್ದಂತೆ ಉಸಿರು ಸಿಗದಿದ್ದರೆ, ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ ನೇರ 108.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕಂದ್ರೆ ಹೆಪ್ಪುಗಟ್ಟಿ, ಅದನ್ನು ತಡೆಯೋ ವಾರ್ಫರಿನ್ ಮಾತ್ರೆ ಶುರುವಾದ ಮನೆಗಳಲ್ಲಿ ಮುಂದಿನ ಜಗಳ ಸಬ್ಬಸಿಗೆ ಸೊಪ್ಪಿನದ್ದೇ. ಈ ಮಾತ್ರೆಯ ಹುಟ್ಟೇ ಒಂದು ಕಥೆ. 1920ರ ದಶಕದಲ್ಲಿ ಕೆನಡಾ, ಅಮೆರಿಕದ ದನಗಳು ಬೂಸ್ಟು ಹಿಡಿದ ಮೇವು ತಿಂದು ರಕ್ತ ನಿಲ್ಲದೆ ಸಾಯುತ್ತಿದ್ದವು, ಆ ಮೇವಿನಲ್ಲಿದ್ದ ವಸ್ತುವನ್ನು ಹುಡುಕುತ್ತಾ ಹೋಗಿ ಮೊದಲು ಇಲಿಪಾಷಾಣ ಮಾಡಿದರು, ಆಮೇಲೆ ಅದೇ ಮನುಷ್ಯರಿಗೆ ಔಷಧ ಆಯ್ತು. ರಕ್ತ ಹೆಪ್ಪುಗಟ್ಟೋಕೆ ವಿಟಮಿನ್ ಕೆ ಬೇಕು, ವಾರ್ಫರಿನ್ ತಡೆಯೋದು ಅದರ ಕೆಲಸವನ್ನು, ಸೊಪ್ಪಿನಲ್ಲಿ ತುಂಬಿರೋದೂ ವಿಟಮಿನ್ ಕೆ. ಹಾಗಂತ ಸೊಪ್ಪು ಪೂರ್ತಿ ಬಿಡಬೇಕಿಲ್ಲ. ಒಂದು ವಾರ ಮೂರು ಹೊತ್ತು, ಮುಂದಿನ ವಾರ ಸೊನ್ನೆ ಅಂತ ಆಡಬೇಡಿ, ಅಷ್ಟೇ. ದಿನಾ ಒಂದೇ ಅಳತೆ ಇರಲಿ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋ ಐಎನ್‌ಆರ್ ರಕ್ತಪರೀಕ್ಷೆ ಹೇಳಿದ ದಿನ ಮಾಡಿಸಲಿ. ವಾರ್ಫರಿನ್ ತಗೊಳ್ಳುತ್ತಾ ಮಗುವಿಗೆ ಹಾಲೂಡಿಸಬಹುದು. ವಾರ್ಫರಿನ್ ಬದಲು ಬೇರೆ ಹೊಸ ಮಾತ್ರೆ ಬರೆದಿದ್ದರೆ ಹಾಲೂಡಿಸುತ್ತಿದ್ದಾಳೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.